ಕಲಾ ಪ್ರಶ್ನೋತ್ತರ: ಪೆನ್ಸಿಲ್ ಗೆರೆಯೊಳಗಿನ ಮುಖಕಳೆ

ಕಳೆದ ಸಂಚಿಕೆಯಲ್ಲಿ ಫ್ರೆಂಚ್ ಕಲಾವಿದ ಝಾನ್ ಓಗುಸ್ತ್ ದೊಮಿನಿಕ್ ಆಂಗ್ರ್ (1780–1867) ಬರೆದ ಪೆನ್ಸಿಲ್ ಭಾವಚಿತ್ರಗಳನ್ನು ಪರಿಚಯಿಸಿದ್ದೆ. ಪ್ರಾಚೀನ ಗ್ರೀಕ್ ಮತ್ತು ರೋಮನ್ ಕಲೆಯನ್ನು ಮಾದರಿಯಾಗಿಟ್ಟುಕೊಂಡ ನವಶಾಸ್ತ್ರೀಯ ಶೈಲಿಯ ಆ ಮಿತವಾದ ಗೆರೆಗಳಲ್ಲಿ, ಬಣ್ಣದ ಚಿತ್ರಗಳಿಗೂ ಸುಲಭಕ್ಕೆ ದಕ್ಕದ ಭಾವ ತುಂಬಿದೆ ಎಂದು ಅಲ್ಲಿ ಹೇಳಿದ್ದೆ. ಆ ಬರಹವನ್ನು ಓದಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಚಿತ್ರಕಲೆ ಓದುತ್ತಿರುವ ವಿದ್ಯಾರ್ಥಿನಿ. ನವಶಾಸ್ತ್ರೀಯ ಕಲೆ ಲೆಕ್ಕಾಚಾರದ, ಭಾವ ಬತ್ತಿದ ಕಲೆಯೆಂದೂ ಭಾವಕ್ಕೆ ಬಾಗಿಲು ತೆರೆದದ್ದು ಅನಂತರದ ರಮ್ಯ ಪಂಥವೆಂದೂ ನಮ್ಮ ಟಿಪ್ಪಣಿಗಳಲ್ಲಿದೆ. ನೀವು ಬರೆದದ್ದು ಅದಕ್ಕೆ ವಿರುದ್ಧವಾಗಿದೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಟಿಪ್ಪಣಿ ಪೂರ್ತಿ ತಪ್ಪೆಂದು ಹೇಳಲಾರೆ, ಆದರೆ ಅದು ಆ ಕಾಲದ ದೊಡ್ಡ ದೊಡ್ಡ ಚಾರಿತ್ರಿಕ ವರ್ಣಚಿತ್ರಗಳನ್ನಷ್ಟೇ ಮುಂದಿಟ್ಟುಕೊಂಡು ಬರೆದದ್ದು. ಜ್ವಾಲಾಮುಖಿಯಿಂದ ಹೂತುಹೋಗಿದ್ದ ಇಟಲಿಯ ಪ್ರಾಚೀನ ರೋಮನ್ ಪಟ್ಟಣಗಳಾದ ಹರ್ಕ್ಯುಲೇನಿಯಮ್ಮಿನಲ್ಲಿ 1738ರಲ್ಲೂ ಪಾಂಪೆಯಲ್ಲಿ 1748ರಲ್ಲೂ ಉತ್ಖನನ ಶುರುವಾದ ಮೇಲೆ ಯುರೋಪಿನ ಕಲಾವಿದರ ಕಣ್ಣು ಮತ್ತೆ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಕಡೆಗೆ ಹೊರಳಿತು. ಬಣ್ಣದ ಬೆಡಗಿಗಿಂತ ಆಕಾರದ ಖಚಿತತೆ ದೊಡ್ಡದು, ಆಕಾರವನ್ನು ಹಿಡಿದು ನಿಲ್ಲಿಸುವುದು ಗೆರೆಯೇ ಎಂಬ ನಂಬಿಕೆ ಬಲವಾಯಿತು. ಫ್ರಾನ್ಸಿನಲ್ಲಿ ಝಾಕ್ ಲೂಯಿ ದವೀದ್ ಈ ಪಂಥದ ಗುರುವಾದ. ಇಂಗ್ಲೆಂಡಿನ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಹೋಮರನ ಕಾವ್ಯಗಳಿಗೆ ನೆರಳನ್ನೇ ಹಾಕದೆ ಬರಿಯ ಹೊರಗೆರೆಯಲ್ಲಿ ಬರೆದ ಚಿತ್ರಗಳು 1793ರಲ್ಲಿ ಪ್ರಕಟವಾಗಿ ದೇಶದೇಶಗಳಿಗೆ ಹರಡಿದವು. ದವೀದನ ಶಿಷ್ಯನಾದ ಆಂಗ್ರ್ ಬೆಳೆದದ್ದು ಈ ವಾತಾವರಣದಲ್ಲಿ. ಹೊಗೆಯನ್ನು ಕೂಡ ಗೆರೆಯಿಂದಲೇ ಹೇಳಬೇಕು ಎಂದು ಅವನು ಮುಂದೆ ತನ್ನ ಶಿಷ್ಯರಿಗೆ ಕಲಿಸುತ್ತಿದ್ದ.

ತನ್ನನ್ನು ತಾನು ಚಾರಿತ್ರಿಕ ಚಿತ್ರಗಳ ಕಲಾವಿದನೆಂದೇ ತಿಳಿದಿದ್ದ ಆಂಗ್ರ್, ಸರ್ಕಾರದ ಖರ್ಚಿನಲ್ಲಿ ರೋಮಿಗೆ ಹೋಗಿ ಕಲಿಯಲು ಕೊಡುತ್ತಿದ್ದ ರೋಮ್ ಪುರಸ್ಕಾರವನ್ನು 1801ರಲ್ಲಿ ಗೆದ್ದು, ಸರ್ಕಾರದ ಬಳಿ ಹಣವಿಲ್ಲದ್ದರಿಂದ ಐದು ವರ್ಷ ಕಾದು, 1806ರಲ್ಲಿ ರೋಮಿಗೆ ಹೋದ. 1815ರಲ್ಲಿ ನೆಪೋಲಿಯನ್ನನ ಆಳ್ವಿಕೆ ಕುಸಿದಾಗ ರೋಮಿನಲ್ಲಿದ್ದ ಫ್ರೆಂಚ್ ಅಧಿಕಾರಿಗಳೂ ಶ್ರೀಮಂತರೂ ಊರು ಬಿಟ್ಟರು. ಅವರ ಜೊತೆಗೇ ಅವನ ಸಂಪಾದನೆಯೂ ಹೋಯಿತು. ಯುದ್ಧ ಮುಗಿದ ಮೇಲೆ ಇಟಲಿ ನೋಡಲು ಬಂದ ಪ್ರವಾಸಿಗಳ, ಅದರಲ್ಲೂ ಇಂಗ್ಲಿಷರ, ಪೆನ್ಸಿಲ್ ಭಾವಚಿತ್ರಗಳನ್ನು ಬರೆದು ಸಂಸಾರ ಸಾಗಿಸಬೇಕಾಯಿತು. ಒಮ್ಮೆ ಯಾರೋ ಬಾಗಿಲು ತಟ್ಟಿ, ಸಣ್ಣ ಭಾವಚಿತ್ರ ಬರೆಯುವವರ ಮನೆ ಇದೇನಾ ಎಂದು ಕೇಳಿದಾಗ, ಅಲ್ಲ, ಇಲ್ಲಿರುವವನು ವರ್ಣಚಿತ್ರಕಾರ ಎಂದು ಅವನು ಸಿಟ್ಟಿನಿಂದ ಉತ್ತರಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಮನಸ್ಸು ಹೀಗೆ ಕಹಿಯಾಗಿದ್ದರೂ ಕೈ ಮಾತ್ರ ಒಂದು ಮುಖಕ್ಕೂ ಅನ್ಯಾಯ ಮಾಡಲಿಲ್ಲ. ಅವನ 400ಕ್ಕೂ ಹೆಚ್ಚು ಪೆನ್ಸಿಲ್ ಭಾವಚಿತ್ರಗಳು ಇಂದಿಗೆ ಉಳಿದಿವೆ, ಮತ್ತು ಅವನ ಎಷ್ಟೋ ಚಾರಿತ್ರಿಕ ಚಿತ್ರಗಳಿಗಿಂತ ಅವು ನಮಗೆ ಹತ್ತಿರವಾಗಿವೆ.

ಭಾವದ ಮಾತಿಗೆ ಬರೋಣ. 1819ರಲ್ಲಿ ಆಂಗ್ರ್ ಪಿಟೀಲುವಾದಕ ಪಗನೀನಿಯ ಚಿತ್ರ ಬರೆದ. ಅದು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿದೆ. ನಮ್ಮ ಎ4 ಹಾಳೆಗಿಂತ ದೊಡ್ಡದೇನಲ್ಲ. ಪಗನೀನಿ ಅದರಲ್ಲಿ ನುಡಿಸುತ್ತಿಲ್ಲ, ಪಿಟೀಲನ್ನೂ ಕಮಾನನ್ನೂ ಹಿಡಿದು ಸುಮ್ಮನೆ ನಿಂತಿದ್ದಾನೆ. 1831ರಲ್ಲಿ ಪಗನೀನಿ ಪ್ಯಾರಿಸ್ಸಿಗೆ ಬಂದು ನುಡಿಸಿದಾಗ ಅವನನ್ನು ಕೇಳಿದ ರಮ್ಯ ಪಂಥದ ದೆಲಾಕ್ರವಾ, ಕತ್ತಲೆಯ ಹಿನ್ನೆಲೆಯಲ್ಲಿ ಮೈಮರೆತು ಬಾಗಿ ನುಡಿಸುತ್ತಿರುವ ವಾದಕನನ್ನು ತೈಲವರ್ಣದಲ್ಲಿ ಬರೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ದೆಲಾಕ್ರವಾನ ಚಿತ್ರದಲ್ಲಿ ನಮಗೆ ಕಾಣುವುದು ಸಂಗೀತದ ಆವೇಶ. ಆಂಗ್ರನ ಚಿತ್ರದಲ್ಲಿ ಕಾಣುವುದು ಆ ಆವೇಶವನ್ನು ಮೈಯೊಳಗೆ ಅದುಮಿಟ್ಟುಕೊಂಡಿರುವ ಒಬ್ಬ ಮನುಷ್ಯ. ಕೆದರಿದ ಕೂದಲು, ಮುಚ್ಚಿದ ತುಟಿ, ಕೈ ಮತ್ತು ವಾದ್ಯದ ನಡುವಿನ ಸಲಿಗೆ, ಇಷ್ಟರಲ್ಲೇ ಅವನು ಯಾರೆಂಬುದು ತಿಳಿಯುತ್ತದೆ. ಆಂಗ್ರ್ ಸ್ವತಃ ಪಿಟೀಲು ನುಡಿಸುತ್ತಿದ್ದ, ಹದಿಹರೆಯದಲ್ಲಿ ತೂಲೂಸಿನ ವಾದ್ಯವೃಂದದಲ್ಲಿದ್ದ. ಆ ಸಲಿಗೆಯನ್ನು ಅವನು ಅಷ್ಟು ಸರಿಯಾಗಿ ಗುರುತಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಯಲ್ಲಿ ಈ ಎರಡು ಚಿತ್ರಗಳನ್ನು ಹೋಲಿಸಿ ಬರೆಯಿರಿ. ರಮ್ಯ ಪಂಥ ಭಾವವನ್ನು ಹೊರಗೆ ಹರಿಯಬಿಟ್ಟಿತು, ನವಶಾಸ್ತ್ರೀಯರ ಒಳ್ಳೆಯ ಪೆನ್ಸಿಲ್ ಚಿತ್ರಗಳು ಅದನ್ನು ತಡೆದು ನಿಲ್ಲಿಸಿದವು ಎಂದು ಬರೆದರೆ ನಿಮ್ಮ ಟಿಪ್ಪಣಿಯೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಹತ್ತಾರು ವರ್ಷಗಳಿಂದ ಆರ್ಡರ್ ಹಿಡಿದು ಪೆನ್ಸಿಲ್ ಭಾವಚಿತ್ರ ಮಾಡಿಕೊಡುತ್ತಿದ್ದೇನೆ. ಗ್ರಾಹಕರು ಮೊಬೈಲಿನಲ್ಲಿ ಫೋಟೊ ಕಳಿಸುತ್ತಾರೆ, ನಾನು ಚೌಕ ಹಾಕಿ ಅಳತೆ ತಪ್ಪದಂತೆ ತೆಗೆದು, ಟಿಶ್ಯೂ ಪೇಪರಿನಿಂದ ತಿಕ್ಕಿ ನುಣುಪಾಗಿ ಶೇಡಿಂಗ್ ಮಾಡುತ್ತೇನೆ. ಫೋಟೊದಂತೆಯೇ ಬರುತ್ತದೆ, ಅವರೂ ಮೆಚ್ಚುತ್ತಾರೆ. ಆದರೆ ಮುಖದಲ್ಲಿ ಕಳೆ ಇಲ್ಲವೆಂದು ನನಗೇ ಅನಿಸುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಗ್ರಾಹಕರು ಮೆಚ್ಚಿದ ಮೇಲೂ ಈ ಪ್ರಶ್ನೆಯನ್ನು ಕೇಳಿಕೊಂಡಿದ್ದೀರಲ್ಲ, ಅದಕ್ಕಾಗಿ ನಿಮಗೆ ಮೊದಲು ನಮಸ್ಕಾರ. ಅಳತೆಯಲ್ಲಿ ನಿಮ್ಮ ತಪ್ಪೇನೂ ಇರಲಾರದು. ತೊಂದರೆ ಇರುವುದು ಎರಡು ಕಡೆ: ಫೋಟೊದಲ್ಲಿ, ಮತ್ತು ಹಾಳೆಯ ಎಲ್ಲ ಭಾಗಕ್ಕೂ ಒಂದೇ ಸಮನೆ ಕೆಲಸ ಮಾಡುವ ಅಭ್ಯಾಸದಲ್ಲಿ.

ಫೋಟೊದ ವಿಷಯ ಬೇಗ ಮುಗಿಯುತ್ತದೆ. ಕೈಯಳತೆಯ ದೂರದಲ್ಲಿ ಮೊಬೈಲ್ ಹಿಡಿದು ತೆಗೆದ ಫೋಟೊದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಚಿಕ್ಕದಾಗಿ ಹಿಂದೆ ಸರಿದಂತೆ ಕಾಣುತ್ತವೆ. ಅದನ್ನು ಎಷ್ಟು ನಿಖರವಾಗಿ ಚೌಕಕ್ಕೆ ಇಳಿಸಿದರೂ ಆ ದೋಷವೂ ಅಷ್ಟೇ ನಿಖರವಾಗಿ ಇಳಿಯುತ್ತದೆ. ಆರೇಳು ಅಡಿ ದೂರದಿಂದ, ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳುವಂತೆ, ಫ್ಲ್ಯಾಶ್ ಇಲ್ಲದೆ ತೆಗೆದ ನಾಲ್ಕೈದು ಫೋಟೊಗಳನ್ನು ಕಳಿಸಲು ಗ್ರಾಹಕರಿಗೆ ಹೇಳಿರಿ. ಸಾಧ್ಯವಿದ್ದರೆ ಆ ವ್ಯಕ್ತಿಯನ್ನು ಒಮ್ಮೆ ಕಣ್ಣಾರೆ ನೋಡಿರಿ. ಆಂಗ್ರ್ ಒಂದು ಭಾವಚಿತ್ರವನ್ನು ಸಾಮಾನ್ಯವಾಗಿ ಒಂದೇ ದಿನದಲ್ಲಿ, ಬೆಳಗ್ಗೆ ಒಂದೂವರೆ ಗಂಟೆ ಮತ್ತು ಮಧ್ಯಾಹ್ನ ಎರಡೂವರೆ ಗಂಟೆ ಎದುರಿನವರನ್ನು ಕೂರಿಸಿಕೊಂಡು ಮುಗಿಸುತ್ತಿದ್ದನೆಂದು ಅವನ ಬಳಗದವರು ನೆನೆದಿದ್ದಾರೆ. ನಡುವಿನ ಊಟದ ಹೊತ್ತಿನಲ್ಲಿ ಅವರು ಭಂಗಿಯನ್ನು ಮರೆತು ಸಹಜವಾಗಿ ಮಾತಾಡುವಾಗಲೇ ಮುಖದ ಗುಟ್ಟು ತನಗೆ ಸಿಗುತ್ತದೆಂದು ಅವನು ಹೇಳುತ್ತಿದ್ದನಂತೆ. ನಿಮ್ಮ ಗ್ರಾಹಕರ ಮನೆಯಲ್ಲಿ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಕೂತು ಬಂದರೂ, ಅವರು ನಗುವ ಮುಂಚೆ ಯಾವ ಕಡೆಯ ತುಟಿ ಮೊದಲು ಮೇಲೇಳುತ್ತದೆ ಎಂಬುದು ನಿಮಗೆ ತಿಳಿದಿರುತ್ತದೆ. ಫೋಟೊ ಅದನ್ನು ಹೇಳುವುದಿಲ್ಲ.

ಎರಡನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿದೆ. ಆಂಗ್ರನ ಯಾವುದಾದರೂ ಪೆನ್ಸಿಲ್ ಭಾವಚಿತ್ರವನ್ನು ದೊಡ್ಡದು ಮಾಡಿ ನೋಡಿರಿ. ಮುಖದಲ್ಲಿ ಮಾತ್ರ ಕೂದಲೆಳೆಯಷ್ಟು ಸೂಕ್ಷ್ಮವಾದ ಗೆರೆಗಳು ಒತ್ತಾಗಿ ಸೇರಿ ಕೆನ್ನೆಯ ಉಬ್ಬನ್ನೂ ಕಣ್ಣಿನ ಗುಳಿಯನ್ನೂ ಕಟ್ಟಿರುತ್ತವೆ. ಕೊರಳಿಗೆ ಬರುವಷ್ಟರಲ್ಲಿ ಆ ಸೂಕ್ಷ್ಮತೆ ಸಡಿಲಗೊಳ್ಳುತ್ತದೆ. ಕೋಟಿನ ತೋಳು, ಲಂಗದ ನೆರಿಗೆ, ಕುರ್ಚಿಯ ಕಾಲು ಇವೆಲ್ಲ ಒಂದೊಂದೇ ವೇಗದ ಗೆರೆಯಲ್ಲಿ ಮುಗಿದು, ಕೆಲವು ಕಡೆ ಆ ಗೆರೆಯೂ ನಡುವೆಯೇ ನಿಂತುಬಿಡುತ್ತದೆ. ಉಳಿದದ್ದೆಲ್ಲ ಬರಿಯ ಹಾಳೆ. ಮುಖವನ್ನು ಅವನು ತಾಸುಗಟ್ಟಲೆ ನೋಡಿದ್ದಾನೆ, ಬಟ್ಟೆಯನ್ನು ಒಂದು ಕ್ಷಣ ನೋಡಿದ್ದಾನೆ. ನಾವು ಚಿತ್ರವನ್ನು ನೋಡುವಾಗ ನಮ್ಮ ಕಣ್ಣೂ ಅದೇ ಕ್ರಮದಲ್ಲಿ ಸಾಗುತ್ತದೆ. ಎದುರಿಗೆ ಕೂತವರನ್ನು ನಾವು ನಿಜವಾಗಿ ನೋಡುವ ರೀತಿಯೂ ಇದೇ ಅಲ್ಲವೆ? ಮಾತಾಡುವವರ ಅಂಗಿಯ ಗುಂಡಿಯನ್ನು ಅವರ ಕಣ್ಣಿನಷ್ಟೇ ಗಮನವಿಟ್ಟು ಯಾರೂ ನೋಡುವುದಿಲ್ಲ. ನಿಮ್ಮ ಚಿತ್ರದಲ್ಲಿ ಗುಂಡಿಗೂ ಕಣ್ಣಿಗೂ ಒಂದೇ ಪ್ರಮಾಣದ ಶೇಡಿಂಗ್ ಬಿದ್ದಾಗ ಕಣ್ಣು ತನ್ನ ಸ್ಥಾನವನ್ನು ಕಳೆದುಕೊಳ್ಳುತ್ತದೆ.

ಟಿಶ್ಯೂ ಪೇಪರಿನ ಬಗ್ಗೆಯೂ ಒಂದು ಮಾತು. ತಿಕ್ಕಿದಾಗ ಶೇಡ್ ನುಣುಪಾಗುವುದು ನಿಜ, ಆದರೆ ಪೆನ್ಸಿಲ್ ಯಾವ ದಿಕ್ಕಿಗೆ ಹೋಗಿತ್ತು, ಎಲ್ಲಿ ಒತ್ತಿತ್ತು, ಎಲ್ಲಿ ಹಗುರಾಗಿತ್ತು ಎಂಬ ಗುರುತೆಲ್ಲ ಅಳಿಸಿಹೋಗುತ್ತದೆ. ಬರೆದವರ ಮನಸ್ಸು ಆ ಗುರುತಿನಲ್ಲೇ ಇರುತ್ತದೆ. ಒಂದು ತಿಂಗಳು ತಿಕ್ಕುವುದನ್ನು ಪೂರ್ತಿ ಬಿಟ್ಟು, ಬರಿಯ ಮೊನೆಯಿಂದ ಈ ಕ್ರಮದಲ್ಲಿ ಒಂದು ಬಾಯಿಯನ್ನು ಬರೆದು ನೋಡಿರಿ: ಎರಡು ತುಟಿಗಳು ಕೂಡುವ ಗೆರೆಯೇ ಅತಿ ಗಾಢವಾಗಿರಲಿ, ಅದರಲ್ಲೂ ಎರಡು ಕೊನೆಗಳಲ್ಲಿ ಮಾತ್ರ ಒತ್ತು ಇರಲಿ, ಮೇಲ್ದುಟಿಗೆ ತೆಳುವಾದ ಒಂದು ಪದರ ಸಾಕು, ಕೆಳದುಟಿಗೆ ಹೊರಗೆರೆಯನ್ನೇ ಹಾಕದೆ ಹಾಳೆಯನ್ನು ಹಾಗೇ ಬಿಟ್ಟು, ಅದರ ಕೆಳಗಿನ ಸಣ್ಣ ನೆರಳನ್ನಷ್ಟೇ ಗುರುತಿಸಿರಿ. ಕಣ್ಣಿಗೂ ಹೀಗೆಯೇ: ಮೇಲಿನ ರೆಪ್ಪೆ ಗಾಢ, ಕೆಳಗಿನ ರೆಪ್ಪೆ ಇದ್ದೂ ಇಲ್ಲದಂತೆ. ಕೆಳಗಿನ ರೆಪ್ಪೆಗೂ ಕಪ್ಪು ಗೆರೆ ಎಳೆದರೆ ಎಂಥ ಮುಖವೂ ದಿಟ್ಟಿಸಿ ನೋಡುವ ಬೊಂಬೆಯಾಗುತ್ತದೆ.

ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ನೀವು ಪ್ರಮಾಣವನ್ನೂ ಸಾದೃಶ್ಯವನ್ನೂ ಚೆನ್ನಾಗಿ ಸಾಧಿಸಿದ್ದೀರಿ. ಆ ಎರಡರ ನಡುವೆ ಇರುವ ಭಾವ ಮತ್ತು ಲಾವಣ್ಯಗಳಿಗೆ ಈಗ ಕೈ ಹಾಕಬೇಕಾಗಿದೆ. ಗ್ರಾಹಕರು ಬಟ್ಟೆಗೂ ಪೂರ್ತಿ ಶೇಡಿಂಗ್ ಬೇಕೆಂದು ಹಟ ಹಿಡಿದರೆ ಮಾಡಿಕೊಡಿ, ಅದು ನಿಮ್ಮ ಅನ್ನದ ಪ್ರಶ್ನೆ. ಆದರೆ ಮುಖಕ್ಕಿಂತ ಎರಡು ಪಟ್ಟು ತಿಳಿಯಾಗಿ ಮಾಡಿಕೊಡಿ.

ಪ್ರಶ್ನೆ: ಆಂಗ್ರ್ ಯಾವುದೋ ಉಪಕರಣದ ಸಹಾಯದಿಂದ ಮುಖವನ್ನು ಟ್ರೇಸ್ ಮಾಡುತ್ತಿದ್ದನೆಂದು ಕೇಳಿದ್ದೇನೆ. ಹಾಗಿದ್ದರೆ ಅವನನ್ನು ಇಷ್ಟು ಹೊಗಳುವುದೇಕೆ? (ಹಾವೇರಿಯ ಓದುಗರೊಬ್ಬರು)

ಉತ್ತರ: ನೀವು ಕೇಳಿದ್ದು ಕ್ಯಾಮೆರಾ ಲೂಸಿಡಾದ ವಿಷಯ. ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ 1806ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಸಣ್ಣ ಗಾಜಿನ ಪಟ್ಟಕವನ್ನು ಕೋಲಿನ ತುದಿಗೆ ಸಿಕ್ಕಿಸಿ ಅದರ ಮೂಲಕ ಕೆಳಗೆ ನೋಡಿದರೆ ಎದುರಿನ ವಸ್ತುವಿನ ಬಿಂಬ ಹಾಳೆಯ ಮೇಲೆ ಬಿದ್ದಂತೆ ತೋರುತ್ತದೆ. ಆಂಗ್ರ್ ಇದನ್ನು ಬಳಸಿರಬೇಕೆಂದು ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ 2001ರಲ್ಲಿ ವಾದಿಸಿದರು. ಕಲಾ ಇತಿಹಾಸಕಾರರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ನಾನು ಒಪ್ಪದವರ ಕಡೆಗಿದ್ದೇನೆ, ಆದರೆ ವಾದ ನಿಜವಾದರೂ ನನ್ನ ಗೌರವ ಕಡಿಮೆಯಾಗದು. ಆ ಉಪಕರಣ ಕಣ್ಣು, ಮೂಗು, ಗದ್ದದ ಜಾಗವನ್ನು ತೋರಿಸಬಲ್ಲದು. ಗದ್ದದ ಗೆರೆಯನ್ನು ಎಲ್ಲಿ ಒತ್ತಬೇಕು, ಎಲ್ಲಿ ತೇಲಿಸಬೇಕು, ಎಲ್ಲಿ ಕೈ ಎತ್ತಬೇಕು ಎಂಬುದನ್ನು ಯಾವ ಗಾಜೂ ಹೇಳಿಕೊಡುವುದಿಲ್ಲ.

ಪ್ರಶ್ನೆ: ನಾನು ರಾಣೆಬೆನ್ನೂರು ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಮಕ್ಕಳಿಗೆ ಇಂಥ ಸೂಕ್ಷ್ಮ ಗೆರೆಯ ಅಭ್ಯಾಸ ಮಾಡಿಸಬೇಕೆಂದಿದೆ. ದುಬಾರಿ ಸಾಮಗ್ರಿ ತರಿಸಲು ಆಗುವುದಿಲ್ಲ. ಯಾವ ಪೆನ್ಸಿಲ್, ಯಾವ ಹಾಳೆ ಸೂಕ್ತ?

ಉತ್ತರ: ದುಬಾರಿ ಸಾಮಗ್ರಿ ಬೇಕಾಗಿಯೇ ಇಲ್ಲ, ಗುರುಗಳೆ. ಇಂದಿನ ಪೆನ್ಸಿಲ್ ಹುಟ್ಟಿದ್ದೇ ಸಾಮಗ್ರಿಯ ಅಭಾವದಿಂದ. ಇಂಗ್ಲೆಂಡಿನ ಬಾರೋಡೇಲ್ ಕಣಿವೆಯ ಶುದ್ಧ ಗ್ರಾಫೈಟ್ ಯುದ್ಧದಿಂದಾಗಿ ಫ್ರಾನ್ಸಿಗೆ ಬಾರದಂತಾದಾಗ, ನಿಕೊಲಾ ಝಾಕ್ ಕೊಂತೆ ಎಂಬವನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿಯಾಗಿ ಹೊಸೆದು, ಭಟ್ಟಿಯಲ್ಲಿ ಸುಡುವ ಕ್ರಮವನ್ನು ಕಂಡುಹಿಡಿದು 1795ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿಯಾಗಿ ಗೆರೆ ತಿಳಿಯಾಗುತ್ತದೆ, ಮಣ್ಣು ಕಡಿಮೆಯಾದರೆ ಕಡ್ಡಿ ಮೆತ್ತಗಾಗಿ ಗೆರೆ ಕಪ್ಪಾಗುತ್ತದೆ. ಎಚ್ ಮತ್ತು ಬಿ ಎಂಬ ಇಂದಿನ ಗುರುತುಗಳ ಹಿಂದೆ ಇರುವುದು ಇದೇ. ಬೇಕಾದಷ್ಟು ಗಟ್ಟಿಯಾದ, ಮೊನೆ ನಿಲ್ಲುವ ಪೆನ್ಸಿಲ್ ಹೀಗೆ ಕೈಗೆ ಸಿಕ್ಕಿದ್ದರಿಂದಲೇ ಆ ಕಾಲದ ಸೂಕ್ಷ್ಮ ಭಾವಚಿತ್ರಗಳು ಸಾಧ್ಯವಾದವು.

ಮಕ್ಕಳಿಗೆ ಎಚ್‌ಬಿ ಮತ್ತು 2ಬಿ ಎರಡೇ ಸಾಕು; 6ಬಿ, 8ಬಿ ಸದ್ಯಕ್ಕೆ ಬೇಡ, ಕಪ್ಪು ಸುಲಭಕ್ಕೆ ಸಿಕ್ಕರೆ ಮಕ್ಕಳು ಗೆರೆಯನ್ನು ಯೋಚಿಸುವುದನ್ನು ಬಿಡುತ್ತಾರೆ. ಮೆಂಡರಿಗಿಂತ ಬ್ಲೇಡಿನಿಂದ ನೀವೇ ಉದ್ದ ಮೊನೆ ಮಾಡಿಕೊಟ್ಟು, ಸ್ಯಾಂಡ್‌ಪೇಪರಿನ ಚೂರಿಗೆ ಉಜ್ಜಿ ಚೂಪು ಉಳಿಸಿಕೊಳ್ಳುವುದನ್ನು ಕಲಿಸಿರಿ. ಒರಟು ಡ್ರಾಯಿಂಗ್ ಶೀಟಿನ ಮೇಲೆ ಸೂಕ್ಷ್ಮ ಗೆರೆ ಒಡೆದು ಹರಳುಹರಳಾಗುತ್ತದೆ, ಆದ್ದರಿಂದ ನುಣುಪಾದ ಐವರಿ ಶೀಟನ್ನು ಎ4 ಅಳತೆಗೆ ಕತ್ತರಿಸಿ ಕೊಡಿ. ಅದರ ಕೆಳಗೆ ಐದಾರು ಹಾಳೆಗಳ ಮೆತ್ತೆ ಇರಲಿ. ಆಂಗ್ರ್ ಕೂಡ ರಟ್ಟಿನ ಸುತ್ತ ಹಲವು ಪದರ ಕಾಗದ ಸುತ್ತಿದ ಹಲಗೆಯ ಮೇಲೆ ಬರೆಯುತ್ತಿದ್ದ. ಆ ಪದರಗಳ ಮೆತುತನದಿಂದ ಗೆರೆ ಒತ್ತಿದಲ್ಲಿ ದಪ್ಪವಾಗಿ, ಬಿಟ್ಟಲ್ಲಿ ತೆಳುವಾಗಿ ಹರಿಯುತ್ತದೆ. ರಬ್ಬರನ್ನು ಮೊದಲ ಅರ್ಧ ತಾಸು ನಿಮ್ಮ ಮೇಜಿನ ಮೇಲೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಗದಗಿನವನು, ವೀರೇಶ್ವರ ಪುಣ್ಯಾಶ್ರಮದ ಭಕ್ತ. ಪುಟ್ಟರಾಜ ಗವಾಯಿಗಳ ಪೆನ್ಸಿಲ್ ಭಾವಚಿತ್ರವನ್ನು ಒಂದು ಫೋಟೊ ನೋಡಿ ಬರೆಯುತ್ತಿದ್ದೇನೆ. ಭಾವವೆಲ್ಲ ಕಣ್ಣಿನಲ್ಲಿರುತ್ತದೆ ಎನ್ನುತ್ತಾರೆ. ಅಜ್ಜನವರಿಗೆ ದೃಷ್ಟಿ ಇರಲಿಲ್ಲ. ಚಿತ್ರಕ್ಕೆ ಜೀವ ತುಂಬುವುದು ಹೇಗೆ? ಹಣೆಯ ವಿಭೂತಿಯೂ ಬಿಳಿ ಹಾಳೆಯ ಮೇಲೆ ಕಾಣಿಸುತ್ತಿಲ್ಲ.

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ನಿಮ್ಮದು. ಭಾವವೆಲ್ಲ ಕಣ್ಣಿನಲ್ಲಿರುತ್ತದೆ ಎಂಬ ಮಾತು ಭಾವಚಿತ್ರ ಬರೆಯುವವರಿಗೆ ಹಾನಿಯನ್ನೇ ಹೆಚ್ಚು ಮಾಡಿದೆ. ನೋಡಬಲ್ಲವರ ಮುಖದಲ್ಲಿಯೂ ಭಾವ ಹುಟ್ಟುವುದು ಹುಬ್ಬಿನ ಒಳತುದಿ, ರೆಪ್ಪೆಯ ಭಾರ, ಬಾಯಿಯ ಕೊನೆ, ಕುತ್ತಿಗೆಯ ಓಟ ಇವೆಲ್ಲ ಸೇರಿ. ಕಣ್ಣಪಾಪೆ ಸ್ವತಃ ಏನನ್ನೂ ಹೇಳಲಾರದು. ಪಂಚಾಕ್ಷರ ಗವಾಯಿಗಳ ಶಿಷ್ಯರಾಗಿ ಬೆಳೆದ ಪುಟ್ಟರಾಜ ಗವಾಯಿಗಳು (1914–2010) ಜಗತ್ತನ್ನು ಕಂಡದ್ದು ಕಿವಿಯಿಂದ ಮತ್ತು ಬೆರಳಿನಿಂದ. ಆದ್ದರಿಂದ ಬೇರೆಯವರ ಚಿತ್ರದಲ್ಲಿ ಕಣ್ಣಿಗೆ ಕೊಡುವಷ್ಟು ತಾಳ್ಮೆಯನ್ನು ನೀವು ಅವರ ಕಿವಿಗೆ ಕೊಡಿ. ಭಾವಚಿತ್ರ ಬರೆಯುವವರಲ್ಲಿ ಹೆಚ್ಚಿನವರು ಕಿವಿಯನ್ನು ಕೊನೆಯಲ್ಲಿ, ದಣಿದ ಕೈಯಿಂದ, ಒಂದು ಸುರುಳಿ ಎಳೆದು ಮುಗಿಸುತ್ತಾರೆ. ನೀವು ಅಲ್ಲಿಂದಲೇ ಆರಂಭಿಸಿರಿ: ಹೊರಅಂಚು ಮೇಲೆ ದಪ್ಪವಾಗಿ ಹೊರಳಿ ಕೆಳಗೆ ಬರುತ್ತ ತೆಳುವಾಗುವುದು, ಒಳಗಿನ ಏಣು ಎರಡಾಗಿ ಕವಲೊಡೆಯುವುದು, ವಯಸ್ಸಾದಂತೆ ಹಾಲೆ ಜೋತುಬೀಳುವುದು, ಕಿವಿಯ ಮುಂದೆ ಕೆನ್ನೆಯ ಮೇಲೆ ಬೀಳುವ ಸಣ್ಣ ನೆರಳು. ಅದಾದ ಮೇಲೆ ತಲೆ ಯಾವ ಕಡೆಗೆ ಎಷ್ಟು ವಾಲಿದೆ ಎಂದು ನೋಡಿರಿ. ಸ್ವರಕ್ಕೆ ಕಿವಿಗೊಟ್ಟವರ ತಲೆ ನೆಟ್ಟಗೆ ನಿಲ್ಲುವುದು ಅಪರೂಪ. ಕೂದಲೆಳೆಯಷ್ಟು ಆ ಓರೆಯನ್ನು ನೀವು ಹಿಡಿದರೆ, ಆಲಿಸುವ ಮುಖ ಹಾಳೆಯ ಮೇಲೆ ಮೂಡುತ್ತದೆ.

ರೆಪ್ಪೆಗಳು ಫೋಟೊದಲ್ಲಿ ಹೇಗಿವೆಯೋ ಹಾಗೆಯೇ ಬರೆಯಿರಿ. ಇಲ್ಲದ ಪಾಪೆಯನ್ನು ಇಟ್ಟು ತಿದ್ದಲು ಹೋಗಬೇಡಿ, ಅದು ಗೌರವವಲ್ಲ. ರೆಪ್ಪೆಯ ಕೆಳಗೆ ಗುಡ್ಡೆಯ ದುಂಡು ಇದೆಯೆಂದು ತೋರಿಸುವ ತೆಳುವಾದ ಒಂದು ಬಾಗುಗೆರೆ ಸಾಕು. ಕೈಗಳೂ ಚಿತ್ರದಲ್ಲಿ ಬರುವ ಹಾಗಿದ್ದರೆ ಖಂಡಿತ ಸೇರಿಸಿರಿ, ಏಕೆಂದರೆ ಹಾರ್ಮೋನಿಯಂ, ಪಿಟೀಲು, ತಬಲಾ ಎಲ್ಲವನ್ನೂ ಬಲ್ಲ ಆ ಬೆರಳುಗಳಿಗೆ ಮುಖದಷ್ಟೇ ಹಕ್ಕಿದೆ. ಶಾಲು ಮತ್ತು ನಿಲುವಂಗಿಗೆ ನಾಲ್ಕಾರು ಗೆರೆಗಳಷ್ಟೇ ಇರಲಿ.

ವಿಭೂತಿಯ ಪ್ರಶ್ನೆ ಇನ್ನೊಂದು ದೊಡ್ಡ ವಿಷಯವನ್ನು ಎತ್ತುತ್ತದೆ. ಆಂಗ್ರನ ಎದುರು ಕೂತವರಲ್ಲಿ ಹೆಚ್ಚಿನವರು ಬಿಳಿಯ ಮೈಬಣ್ಣದವರು. ಬಿಳಿ ಹಾಳೆಯೇ ಅವರ ಕೆನ್ನೆಯಾಗಿ ಹೊಂದಿಕೊಂಡಿತು. ನಮ್ಮ ಮುಖಗಳನ್ನು ಬರೆಯುವಾಗ ಕೆಲವರು ಮೈಬಣ್ಣ ತೋರಿಸಬೇಕೆಂದು ಮೊದಲು ಮುಖಕ್ಕೆಲ್ಲ ಬೂದು ಬಳಿದುಬಿಡುತ್ತಾರೆ, ಆಗ ಬೆಳಕು ಬೀಳಲು ಜಾಗವೇ ಉಳಿಯುವುದಿಲ್ಲ. ಪೆನ್ಸಿಲ್ ಚಿತ್ರದಲ್ಲಿ ಹಾಳೆಯ ಬಿಳುಪು ಚರ್ಮದ ಬಣ್ಣವಲ್ಲ, ಚರ್ಮದ ಮೇಲಿನ ಬೆಳಕು. ಕಪ್ಪು ಮೈಬಣ್ಣದ ಹಣೆಯ ಮೇಲೂ ಬೆಳಕು ಹೊಳೆಯುತ್ತದೆ, ಇನ್ನೂ ಚೆನ್ನಾಗಿ ಹೊಳೆಯುತ್ತದೆ. ನಿಮ್ಮ ಚಿತ್ರದಲ್ಲಿ ಹಣೆಗೆ ಮಾತ್ರ ಎಚ್ ಪೆನ್ಸಿಲಿನಿಂದ, ತಲೆಬುರುಡೆಯ ಬಾಗಿಗೆ ತಕ್ಕಂತೆ ಬಾಗಿದ ತೆಳುಗೆರೆಗಳ ಒಂದು ಪದರ ಹಾಕಿ, ವಿಭೂತಿಯ ಮೂರು ಪಟ್ಟಿಗಳ ಜಾಗವನ್ನು ಖಾಲಿ ಬಿಡಿ. ಪಟ್ಟಿಗಳ ಸುತ್ತ ಹೊರಗೆರೆ ಹಾಕಬೇಡಿ. ಹಣೆಯ ಗೆರೆಗಳು ಅಲ್ಲಿಗೆ ಬಂದು ನಿಂತರೆ ಸಾಕು, ವಿಭೂತಿ ತಾನಾಗಿ ಕಾಣುತ್ತದೆ. ಅದು ಬೆರಳಿನಿಂದ ಧರಿಸಿದ್ದು. ಕೊನೆಗಳು ಸ್ವಲ್ಪ ಅಸ್ಪಷ್ಟವಾಗಿದ್ದರೆ ಇನ್ನೂ ನಿಜವಾಗುತ್ತದೆ.

ಪ್ರಶ್ನೆ: ನವಶಾಸ್ತ್ರೀಯ ಕಲಾವಿದರು ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಅಭ್ಯಾಸ ಮಾಡುತ್ತಿದ್ದರಂತೆ. ನಮ್ಮ ಬೆಟಗೇರಿಯಲ್ಲಿ ಅಂಥದ್ದು ಎಲ್ಲಿ ಸಿಗಬೇಕು?

ಉತ್ತರ: ಪ್ಲಾಸ್ಟರ್ ಅಚ್ಚುಗಳಿಂದ ಕಲಿಯುವ ಕ್ರಮ 1857ರಲ್ಲಿ ಆರಂಭವಾದ ಮುಂಬೈಯ ಜೆ.ಜೆ. ಕಲಾಶಾಲೆಯ ಮೂಲಕ ನಮ್ಮ ಭಾಗಕ್ಕೂ ಬಂದಿತ್ತು, ಏಕೆಂದರೆ ಧಾರವಾಡ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆದರೆ ನಿಮಗೆ ಅಚ್ಚು ಏಕೆ ಬೇಕು? ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿ ಲಕ್ಕುಂಡಿ ಇದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮನ ವಿಗ್ರಹವಿದೆ. ಆ ಮುಖದ ಗಲ್ಲದಿಂದ ಕಿವಿಯ ತನಕ ಸಾಗುವ ಅಂಚನ್ನು ನೆರಳಿಲ್ಲದೆ, ಒಂದೇ ಗೆರೆಯಲ್ಲಿ ಬರೆಯಲು ಕೂತು ನೋಡಿರಿ. ಆ ಅಂಚು ಎಲ್ಲಿಯೂ ಒಳಕ್ಕೆ ಕುಸಿಯುವುದಿಲ್ಲ, ಒಳಗಿನಿಂದ ತುಂಬಿ ಬಂದಂತೆ ಹೊರಕ್ಕೇ ಉಬ್ಬಿರುತ್ತದೆ. ಆಂಗ್ರ್ ತನ್ನ ಶಿಷ್ಯರಲ್ಲಿ ಬಯಸುತ್ತಿದ್ದುದೂ ಅಂಥ ತುಂಬುಗೆರೆಯನ್ನೇ. ಕಾಶಿವಿಶ್ವನಾಥ ದೇವಾಲಯದ ಬಾಗಿಲುವಾಡದ ಕೆತ್ತನೆಗೆ ಈಗಲೇ ಹೋಗಬೇಡಿ, ಅಲ್ಲಿಯ ಕುಸುರಿ ಕಣ್ಣನ್ನು ಚದುರಿಸುತ್ತದೆ. ಒಂದು ಮುಖ, ಒಂದು ಅಂಚು ಸಾಕು. ಬೆಳಗಿನ ಹೊತ್ತು ಹೋಗಿರಿ, ಮಧ್ಯಾಹ್ನದ ಬಿಸಿಲಿನಲ್ಲಿ ಹಾಳೆಯ ಬಿಳುಪು ಕಣ್ಣು ಕುಕ್ಕುತ್ತದೆ. ಅಲ್ಲಿಂದ ಬಂದವರು ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಅದೇ ಅಂಚನ್ನು ಅವರ ಮುಖದಲ್ಲಿ ಹುಡುಕಿರಿ. ಕಲ್ಲಿನಲ್ಲಿ ಕಲಿತದ್ದು ಎಷ್ಟು, ಜೀವಂತ ಮುಖಕ್ಕೆ ಬೇರೆ ಏನು ಬೇಕು ಎಂಬುದು ಆಗ ಕೈಗೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ತಂದೆಯವರು ತಮ್ಮ ಯೌವನದಲ್ಲಿ ಬರೆದ ಅಜ್ಜಿಯ ಪೆನ್ಸಿಲ್ ಚಿತ್ರ ಮನೆಯಲ್ಲಿದೆ. ಮುಖ ಪೂರ್ತಿಯಾಗಿದೆ, ಸೀರೆ ಬರಿಯ ಗೆರೆಯಲ್ಲಿದೆ. ಹಾಳೆ ಹಳದಿಯಾಗಿ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಿವೆ. ಒಬ್ಬ ಕಲಾವಿದರ ಕೈಯಿಂದ ಸೀರೆಯನ್ನು ಪೂರ್ತಿ ಮಾಡಿಸಿ ಲ್ಯಾಮಿನೇಶನ್ ಮಾಡಿಸಿರೆಂದು ಸಂಬಂಧಿಕರು ಹೇಳುತ್ತಿದ್ದಾರೆ. ಮಾಡಿಸಲೆ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಎರಡನ್ನೂ ಮಾಡಿಸಬೇಡಿ, ಅಕ್ಕಾ. ನಿಮ್ಮ ತಂದೆಯವರು ಸೀರೆಯನ್ನು ಬಿಟ್ಟದ್ದು ಸಮಯ ಸಾಲದೆ ಇರಲಾರದು. ತಾಯಿಯ ಮುಖ ಮುಗಿದ ಮೇಲೆ ಅವರಿಗೆ ಬರೆಯುವುದು ಉಳಿದಿರಲಿಲ್ಲ ಎಂದೇ ನನಗೆ ತೋರುತ್ತದೆ. ಆ ಗೆರೆಗಳ ಮೇಲೆ ಬೇರೆಯವರ ಶೇಡಿಂಗ್ ಬಿದ್ದರೆ ಮುಖವೂ ಮಂಕಾಗುತ್ತದೆ. ಲ್ಯಾಮಿನೇಶನ್ನಿನ ಬಿಸಿ ಮತ್ತು ಅಂಟು ಹಾಳೆಗೆ ಶಾಶ್ವತವಾಗಿ ಹತ್ತಿಕೊಳ್ಳುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ. ಹಾಳಾಗುತ್ತಿರುವುದು ಹಾಳೆ ಮಾತ್ರ, ಅದಕ್ಕೆ ಕಾರಣ ಕಾಗದದ ಆಮ್ಲ ಮತ್ತು ಗೋಡೆಯ ತೇವ. ಚುಕ್ಕೆಗಳನ್ನು ರಬ್ಬರಿನಿಂದಾಗಲಿ ಒದ್ದೆ ಬಟ್ಟೆಯಿಂದಾಗಲಿ ಒರೆಸಲು ಹೋಗಬೇಡಿ. ಫ್ರೇಮ್ ಹಾಕುವವರಿಗೆ ಹಿಂದಿನ ರಟ್ಟು ಆಮ್ಲರಹಿತವಾಗಿರಬೇಕೆಂದು ಹೇಳಿರಿ; ಗಾಜು ಚಿತ್ರಕ್ಕೆ ತಾಗದಂತೆ ಸುತ್ತಲೂ ದಪ್ಪ ಮೌಂಟ್ ಕೊಡಿಸಿರಿ; ಹಾಳೆಯನ್ನು ಟೇಪಿನಿಂದ ಅಂಟಿಸಲು ಬಿಡಬೇಡಿ. ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಯನ್ನು ಬಿಟ್ಟು, ನೇರ ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಿರಿ.